ತಡೆಹಿಡಿದ ಸಂಬಳಕ್ಕೂ ಬಾಯಿದೆ

ಭಾನುವಾರದ ಆರಾಧನೆಯ ಸಂದೇಶ, ಜಯನಗರ
ವಾಕ್ಯಭಾಗ: ಯಾಕೋಬ 5:1-11

ದಯವಿಟ್ಟು ಕೂತ್ಕೊಳ್ಳಿ. ಬೈಬಲ್ ತೆರೀರಿ, ಫೋನಲ್ಲಿ ಓದೋರು ಫೋನ್ ತೆರೀರಿ. ಯಾಕೋಬನ ಪತ್ರಿಕೆ, ಐದನೇ ಅಧ್ಯಾಯ.

ಈ ಅಧ್ಯಾಯ ನಮ್ಮಂಥ ಸಭೆಯವರಿಗೆ ಚೆನ್ನಾಗಿ ಗೊತ್ತು. ರೋಗಿಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡೋದು ಎಲ್ಲಿದೆ ಅಂದ್ರೆ ನಮ್ಮ ಸಂಡೇ ಸ್ಕೂಲ್ ಮಕ್ಕಳೂ ಹೇಳ್ತಾರೆ, ಯಾಕೋಬ 5:14. ಎಲೀಯ ಪ್ರಾರ್ಥಿಸಿದಾಗ ಮಳೆ ನಿಂತದ್ದು, ಮತ್ತೆ ಮಳೆ ಬಂದದ್ದು, ಅದೂ ಇದೇ ಅಧ್ಯಾಯ. ಆದರೆ 14ನೇ ವಚನಕ್ಕಿಂತ ಹತ್ತು ವಚನ ಮೇಲೆ ನೋಡಿ. ಅಲ್ಲಿ ಯಾಕೋಬ ಸಂಬಳದ ವಿಷಯ ಮಾತಾಡ್ತಿದ್ದಾನೆ. ಹೊಲ ಕೊಯ್ದವರಿಗೆ ಕೊಡದೆ ಮೋಸದಿಂದ ಹಿಡಿದಿಟ್ಟುಕೊಂಡ ಕೂಲಿ ಕೂಗ್ತಾ ಇದೆ, ಕೊಯ್ದವರ ಕೂಗೂ ದೇವರ ಕಿವಿಗೆ ಮುಟ್ಟಿದೆ ಅನ್ನೋದು ಅವನ ಮಾತಿನ ಸಾರ.

ಗಮನಿಸಿ ನೋಡಿ, ಅಲ್ಲಿ ಕೂಗು ಒಂದಲ್ಲ, ಎರಡು. ಕೆಲಸಗಾರ ಕೂಗ್ತಾನೆ, ಸರಿ. ಆದರೆ ಅವನಿಗಿಂತ ಮೊದಲು ಆ ದುಡ್ಡೇ ಕೂಗ್ತದೆ! ಯಜಮಾನನ ಅಕೌಂಟಲ್ಲಿ ಕೂತಿರೋ ನಿನ್ನ ಸಂಬಳ, ಅಲ್ಲಿಂದಲೇ ದೇವರನ್ನ ಕರೀತಾ ಇದೆ. ನಿನಗೆ ಬಾಯಿ ಬಿಡೋಕೆ ಹೆದರಿಕೆ ಇರಬಹುದು, ಸಂಬಳಕ್ಕೆ ಹೆದರಿಕೆ ಇಲ್ಲ. ಇನ್ನೊಂದು ವಿಷಯ. ಇಲ್ಲಿ ಯಾಕೋಬ ದೇವರನ್ನ ಕರೆಯೋ ಹೆಸರು ಸೈನ್ಯಗಳ ಒಡೆಯ. ಬಡ ಕೂಲಿಯವನ ಹಿಂದೆ ಯೂನಿಯನ್ ಇಲ್ಲದೆ ಇರಬಹುದು, ಎಂಎಲ್‌ಎ ಇಲ್ಲದೆ ಇರಬಹುದು, ಪರಲೋಕದ ಸೈನ್ಯ ಇದೆ. ಹಲ್ಲೆಲೂಯ!

ಈ ವಾಕ್ಯ ಇವತ್ತು ಯಾಕೆ ತಗೊಂಡೆ ಅಂತ ಹೇಳ್ತೀನಿ. ನಮ್ಮ ಸಭೆಯ ಒಬ್ಬ ತಮ್ಮ, ಹೆಸರು ಬೇಡ, ಅವನ ಒಪ್ಪಿಗೆ ತಗೊಂಡೇ ಮಾತಾಡ್ತಿದ್ದೀನಿ. ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ತಿಂಗಳಿಗೆ 28,000. ಮೂರು ತಿಂಗಳು ಸಂಬಳ ಬಂದಿಲ್ಲ. ಅಲ್ಲಿಗೆ 84,000 ರೂಪಾಯಿ. ಬಿಟಿಎಂನಲ್ಲಿ ಪಿಜಿ ಬಾಡಿಗೆ ಕಟ್ಟಬೇಕು, ಊರಲ್ಲಿ ಅಪ್ಪನಿಗೆ ಮಾತ್ರೆಗೆ ದುಡ್ಡು ಕಳಿಸಬೇಕು. ಮಾಲೀಕರನ್ನ ಕೇಳಿದ್ರೆ 'ಫಂಡಿಂಗ್ ಬರ್ತಾ ಇದೆ, ನಾವೆಲ್ಲ ಒಂದೇ ಫ್ಯಾಮಿಲಿ' ಅಂತಾರೆ. ಬುಧವಾರದ ಉಪವಾಸ ಪ್ರಾರ್ಥನೆ ಮುಗಿದ ಮೇಲೆ ಅವನು ನನ್ನ ಹತ್ರ ಬಂದ. ಸಂಬಳ ಬರೋ ಹಾಗೆ ಪ್ರಾರ್ಥನೆ ಮಾಡಿ ಅಂತ ಕೇಳಲಿಲ್ಲ. ಅವನು ಕೇಳಿದ್ದು ಇಷ್ಟೇ: "ಪಾಸ್ಟರ್, ನಾನು ಕಂಪ್ಲೇಂಟ್ ಕೊಟ್ರೆ ಅದು ಅವಿಶ್ವಾಸ ಆಗುತ್ತಾ?"

ಈ ಪ್ರಶ್ನೆ ಅವನೊಬ್ಬನದ್ದಲ್ಲ. ಇಲ್ಲಿ ಕೂತಿರೋ ಎಷ್ಟೋ ಜನರದ್ದು. ಯಾಕಂದ್ರೆ ವಿಶ್ವಾಸಿಗಳೇ ಅವನಿಗೆ ಮೂರು ಮಾತು ಹೇಳಿದ್ರಂತೆ. ಇದ್ದದ್ದರಲ್ಲಿ ತೃಪ್ತಿಯಾಗಿರು. ಕ್ಷಮಿಸಿಬಿಡು. ಪ್ರಾರ್ಥನೆ ಮಾಡು, ಸಾಕು. ಮೂರೂ ಕೇಳೋಕೆ ಆತ್ಮಿಕವಾಗಿವೆ. ಒಂದೊಂದನ್ನೇ ವಾಕ್ಯದ ಮುಂದೆ ಇಟ್ಟು ನೋಡೋಣ.

ಮೊದಲನೇದು, ಸಂಬಳದಲ್ಲಿ ತೃಪ್ತಿಯಾಗಿರು. ಇದು ಲೂಕ 3:14ರಲ್ಲಿ ಇರೋದು ನಿಜ. ಆದರೆ ಸ್ನಾನಿಕನಾದ ಯೋಹಾನ ಅದನ್ನ ಯಾರಿಗೆ ಹೇಳಿದ? ಸಿಪಾಯಿಗಳಿಗೆ. ಕೈಯಲ್ಲಿ ಅಧಿಕಾರ ಇದ್ದವರಿಗೆ. ಜನರನ್ನ ಹೆದರಿಸಿ, ಸುಳ್ಳು ಕೇಸ್ ಹಾಕಿ ದುಡ್ಡು ಕೀಳಬೇಡಿ, ನಿಮಗೆ ಬರೋ ಸಂಬಳ ಸಾಕು ಅನ್ಕೊಳ್ಳಿ ಅಂತ ಅದರ ಅರ್ಥ. ಇನ್ನೊಬ್ಬರದ್ದನ್ನ ಕಿತ್ಕೊಳ್ಳೋರಿಗೆ ಹೇಳಿದ ಮಾತನ್ನ, ತನ್ನದನ್ನ ಕಳ್ಕೊಂಡವನ ಮೇಲೆ ಹೊರಿಸಬಾರದು. ಬರೋ ಸಂಬಳದಲ್ಲಿ ತೃಪ್ತಿಪಡಬಹುದು. ಬರದೇ ಇರೋ ಸಂಬಳದಲ್ಲಿ ತೃಪ್ತಿಪಡೋದು ಹೇಗೆ ಸ್ವಾಮಿ?

ಎರಡನೇದು, ಕ್ಷಮಿಸಿಬಿಡು. ಹೌದು, ಕ್ಷಮಿಸಲೇಬೇಕು. ಯೇಸುಸ್ವಾಮಿ ಅದರಲ್ಲಿ ರಿಯಾಯಿತಿ ಕೊಟ್ಟಿಲ್ಲ. ಆದರೆ ಕ್ಷಮೆ ಅಂದ್ರೆ ಏನು? ಸೇಡು ತೀರಿಸೋ ಹಕ್ಕನ್ನ ದೇವರ ಕೈಗೆ ಕೊಡೋದು. ಲೆಕ್ಕದ ಪುಸ್ತಕ ಸುಟ್ಟುಹಾಕೋದು ಅಲ್ಲ. ಜಕ್ಕಾಯನ ಕಥೆ ನೋಡಿ, ಲೂಕ 19. ಯೇಸು ಅವನ ಮನೆಗೆ ಹೋದ ದಿನ ಅವನು ಎದ್ದು ನಿಂತು ಮೋಸ ಮಾಡಿ ತಗೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ. ಆಮೇಲೆ ಯೇಸು ಈ ಮನೆಗೆ ರಕ್ಷಣೆ ಬಂತು ಅಂದರು. ಆತ್ಮ ಮುಟ್ಟಿದ ಮನುಷ್ಯನ ಕೈ ಜೇಬಿಗೆ ಹೋಗ್ತದೆ! ಹಾಗಾದ್ರೆ ನೀನು ಹೋಗಿ "ಸರ್, ನನ್ನ ಸಂಬಳ ಕೊಡಿ" ಅಂತ ಕೇಳೋದು ಅವರಿಗೂ ಒಳ್ಳೇದೇ. ದೇವರ ಮುಂದೆ ಅವರ ವಿರುದ್ಧ ಕೂಗ್ತಾ ಇರೋ ಒಂದು ಸಾಕ್ಷಿಯನ್ನ ಇಳಿಸಿಕೊಳ್ಳೋಕೆ ಅವರಿಗೆ ಅವಕಾಶ ಕೊಡ್ತಿದ್ದೀಯ.

ಮೂರನೇದು, ಪ್ರಾರ್ಥನೆ ಮಾಡು, ಸಾಕು. ಬಿಡದೆ ಪ್ರಾರ್ಥಿಸಬೇಕು ಅಂತ ಕಲಿಸೋಕೆ ಯೇಸುಸ್ವಾಮಿ ಒಂದು ಉದಾಹರಣೆ ಆರಿಸಿಕೊಂಡರು, ಲೂಕ 18. ಗುಡ್ಡದ ಮೇಲೆ ಮಂಡಿಯೂರಿದ ಪ್ರವಾದಿಯನ್ನ ಆರಿಸಿಕೊಳ್ಳಲಿಲ್ಲ. ನ್ಯಾಯಾಧಿಪತಿ ಹತ್ರ ಮತ್ತೆ ಮತ್ತೆ ಅಲೆದ ಒಬ್ಬ ವಿಧವೆಯನ್ನ ಆರಿಸಿಕೊಂಡರು. ಆಯಮ್ಮ ಕೇಳಿದ್ದು ದಯೆ ಅಲ್ಲ, ನ್ಯಾಯ. ಕೋರ್ಟ್ ಮೆಟ್ಟಿಲು ಹತ್ತೋದು ಪ್ರಾರ್ಥನೆಗೆ ವಿರೋಧ ಆಗಿದ್ರೆ, ಪ್ರಾರ್ಥನೆ ಪಾಠಕ್ಕೆ ಆಯಮ್ಮನನ್ನ ಯಾಕೆ ಕರ್ಕೊಂಡು ಬಂದರು? ಪೌಲನನ್ನೂ ನೋಡಿ. ಫಿಲಿಪ್ಪಿಯಲ್ಲಿ ವಿಚಾರಣೆ ಇಲ್ಲದೆ ಹೊಡೆದು ಜೈಲಿಗೆ ಹಾಕಿದರು. ರಾತ್ರಿಯೆಲ್ಲ ಸ್ತೋತ್ರ ಹಾಡಿದ, ಭೂಕಂಪ ಆಯ್ತು, ಬಾಗಿಲು ತೆರೀತು. ಬೆಳಗ್ಗೆ ಅಧಿಕಾರಿಗಳು ಸದ್ದಿಲ್ಲದೆ ಹೊರಟು ಹೋಗು ಅಂದಾಗ ಪೌಲ ಹೋಗಲಿಲ್ಲ. ತಪ್ಪು ಮಾಡಿದವರೇ ಬಂದು ಕರ್ಕೊಂಡು ಹೋಗಲಿ ಅಂದ. ಅಪೊಸ್ತಲರ ಕೃತ್ಯಗಳು 16. ರಾತ್ರಿ ಹಾಡಿದ ಬಾಯಿಯೇ ಬೆಳಗ್ಗೆ ಹಕ್ಕು ಕೇಳಿತು. ಎರಡೂ ಒಂದೇ ಆತ್ಮದಿಂದ. ಆಮೆನ್ ಅನ್ನೋರು ಇದ್ದೀರಾ?

ಆದರೆ ಕೇಳೋಕೆ ಹೊರಟವರಿಗೆ ಇದೇ ಯಾಕೋಬ ಒಂದು ಬೇಲಿ ಹಾಕ್ತಾನೆ. ಮೊದಲನೇ ಅಧ್ಯಾಯ, 20ನೇ ವಚನ. ಮನುಷ್ಯನ ಸಿಟ್ಟಿನಿಂದ ದೇವರ ನೀತಿ ನಡೆಯೋದಿಲ್ಲ. ಕೂಲಿ ಕೂಗ್ತದೆ ಅಂತ ಬರೆದ ಕೈಯೇ ಇದನ್ನೂ ಬರೆದಿದೆ.

ನಿಮ್ಮಲ್ಲಿ ಕೋಲಾರದ ಕಡೆಯವರು ಇದ್ದೀರಿ, ನಿಮಗೆ ನೆನಪಿರುತ್ತೆ. 2020ರ ಡಿಸೆಂಬರ್ 12, ಶನಿವಾರ ಬೆಳಗ್ಗೆ. ನರಸಾಪುರದಲ್ಲಿ ಐಫೋನ್ ಜೋಡಿಸ್ತಿದ್ದ ವಿಸ್ಟ್ರಾನ್ ಫ್ಯಾಕ್ಟರಿ. ಸಂಬಳ ಸರಿಯಾಗಿ ಬರ್ತಿಲ್ಲ, ಹನ್ನೆರಡು ಗಂಟೆ ಶಿಫ್ಟು ಅಂತ ಹುಡುಗರು ಸಿಟ್ಟಿಗೆದ್ದು ಗಾಜು ಒಡೆದರು, ಗಾಡಿಗಳಿಗೆ ಬೆಂಕಿ ಬಿತ್ತು. ಅವರ ದೂರು ಸುಳ್ಳಾಗಿತ್ತಾ? ಇಲ್ಲ. ಒಂದು ವಾರಕ್ಕೆ ಕಂಪನಿಯೇ ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಕೊಟ್ಟಿಲ್ಲ ಅಂತ ಒಪ್ಪಿ ಕ್ಷಮೆ ಕೇಳಿತು. ಭಾರತದ ಜವಾಬ್ದಾರಿ ಹೊತ್ತಿದ್ದ ಉಪಾಧ್ಯಕ್ಷರನ್ನ ತೆಗೆದುಹಾಕಿತು. ಎಲ್ಲ ಸರಿಮಾಡೋ ತನಕ ಹೊಸ ಕೆಲಸ ಕೊಡಲ್ಲ ಅಂತ ಆಪಲ್ ಹೇಳಿತು. ಆದರೆ ಅಷ್ಟರಲ್ಲಿ ನೂರಕ್ಕೂ ಹೆಚ್ಚು ಜನ ಅರೆಸ್ಟ್ ಆಗಿದ್ದರು. ಸಂಬಳ ಕೇಳೋಕೆ ಹೋದ ಮನೆಗಳವರು ಜಾಮೀನಿಗೆ ಅಲೆಯೋ ಹಾಗಾಯ್ತು. ಆ ಹುಡುಗರನ್ನ ಬೈಯೋಕೆ ನಾನು ಇದನ್ನ ಹೇಳ್ತಿಲ್ಲ. ನ್ಯಾಯ ಅವರ ಕಡೆ ಇತ್ತು, ಸಿಟ್ಟು ಅದನ್ನ ಒಂದೇ ಬೆಳಗ್ಗೆಗೆ ಎದುರಾಳಿ ಕೈಗೆ ಕೊಟ್ಟುಬಿಡ್ತು ಅನ್ನೋದು ನನ್ನ ಸಂಕಟ.

ಅದೇ ವರ್ಷ, ಇದೇ ರಾಜ್ಯ. ಗಾರ್ಮೆಂಟ್ಸ್ ಕೆಲಸದ ನಮ್ಮ ಅಕ್ಕತಂಗಿಯರು. 2020ರ ಏಪ್ರಿಲ್‌ನಿಂದ ಅವರಿಗೆ ತುಟ್ಟಿಭತ್ಯೆ ಸೇರಬೇಕಿತ್ತು, ತಿಂಗಳಿಗೆ ಸುಮಾರು 417 ರೂಪಾಯಿ. ದಿನಕ್ಕೆ ಹದಿನಾರು ರೂಪಾಯಿ ಚಿಲ್ಲರೆ. ಕೊರೊನಾ ಕಾಲ, ಸರ್ಕಾರ ಅದನ್ನ ಮುಂದೂಡಿತು. ಯೂನಿಯನ್‌ನವರು ಹೈಕೋರ್ಟಿಗೆ ಹೋದರು, ಹೈಕೋರ್ಟ್ ಅವರ ಕಡೆ ಆದೇಶ ಮಾಡಿತು. ಆಮೇಲೂ ಎಷ್ಟೋ ಫ್ಯಾಕ್ಟರಿಗಳು ಕೊಡಲಿಲ್ಲ. ಅವರು ಬಿಡಲಿಲ್ಲ. ಪೇ ಸ್ಲಿಪ್ ಇಟ್ಕೊಂಡು, ಲೆಕ್ಕ ಹಾಕಿ, ಕೇಳ್ತಾನೇ ಇದ್ದರು. ಹತ್ತಿರ ಹತ್ತಿರ ಎರಡು ವರ್ಷ. 2022ರಲ್ಲಿ ದೊಡ್ಡ ಕಂಪನಿಗಳು ಹಿಂದಿನ ಬಾಕಿ ಕೊಡೋಕೆ ಶುರುಮಾಡಿದವು. ಹದಿನಾರು ರೂಪಾಯಿ ಅಂತ ನಗಬೇಡಿ. ಯಾಕೋಬ ಇದೇ ಅಧ್ಯಾಯದಲ್ಲಿ ತಾಳ್ಮೆಗೆ ರೈತನ ಉದಾಹರಣೆ ಕೊಡ್ತಾನೆ, ಮುಂಗಾರು ಹಿಂಗಾರು ಎರಡಕ್ಕೂ ಕಾಯೋ ರೈತ. ಆದರೆ ರೈತ ಸುಮ್ಮನೆ ಕೂತು ಕಾಯಲ್ಲ. ಉತ್ತು, ಬಿತ್ತು, ಕಳೆ ಕಿತ್ತು ಕಾಯ್ತಾನೆ.

ಹಾಗಾದ್ರೆ ಹೇಗೆ ಹೋಗಬೇಕು? ಮತ್ತಾಯ 18ರಲ್ಲಿ ಕರ್ತನು ಕೊಟ್ಟ ಕ್ರಮ ಇದೆ. ಮೊದಲು ನೀನೊಬ್ಬನೇ ಹೋಗು. ಕೇಳದಿದ್ರೆ ಒಬ್ಬಿಬ್ಬರನ್ನ ಕರ್ಕೊಂಡು ಹೋಗು. ಆಮೇಲೆ ದೊಡ್ಡವರ ಮುಂದೆ ಇಡು. ಅದು ಸಹೋದರರ ನಡುವಿನ ಕ್ರಮ, ಆದರೆ ಯಾರ ಹತ್ರ ಹೋದ್ರೂ ಚೆನ್ನಾಗಿರೋ ಕ್ರಮ.

ಒಬ್ಬನೇ ಹೋಗು ಅಂದ್ರೆ, ಆಫೀಸ್ ವಾಟ್ಸಾಪ್ ಗ್ರೂಪಲ್ಲಿ ಬೈದು ಶುರುಮಾಡಬೇಡ. ಸ್ಟೇಟಸ್ ಹಾಕಬೇಡ. ಮುಖಾಮುಖಿ ಕೂತು ಮರ್ಯಾದೆಯಿಂದ ಕೇಳು. ಅವತ್ತೇ ಸಂಜೆ ಅದನ್ನ ಈಮೇಲ್‌ನಲ್ಲಿ ಬರಿ, ಯಾವ ತಿಂಗಳದ್ದು, ಎಷ್ಟು, ಯಾವ ತಾರೀಖಿಗೆ ಕೊಡ್ತೀನಿ ಅಂದರು. ಆಫರ್ ಲೆಟರ್, ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಹಾಜರಿ, ಎಲ್ಲ ಒಂದು ಕಡೆ ಇಟ್ಕೋ. ಪಿಎಫ್ ಹಿಡಿದಿದ್ರೆ ಅದು ನಿಜವಾಗಲೂ ಕಟ್ಟಿದ್ದಾರಾ ಅಂತ ಪಾಸ್‌ಬುಕ್ ನೋಡು. ಲೆಕ್ಕದಲ್ಲಿ ಒಂದು ರೂಪಾಯಿನೂ ಜಾಸ್ತಿ ಬರೀಬೇಡ. ಬರದ ಓವರ್‌ಟೈಮ್ ಸೇರಿಸಿದ್ರೆ, ನೀನೂ ಅವರೂ ಒಂದೇ ಆದಿರಿ.

ಕೊಡಲಿಲ್ಲವಾ, ಕಾನೂನಿದೆ. ರೋಮಾ 13ರಲ್ಲಿ ಪೌಲ ಅಧಿಕಾರಿಯನ್ನ ದೇವರ ಸೇವಕ ಅಂತ ಕರೀತಾನೆ. ಸೇವಕನ ಹತ್ರ ಸೇವೆ ಕೇಳೋದರಲ್ಲಿ ನಾಚಿಕೆ ಏನು? 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಯಲ್ಲಿದೆ. ತಿಂಗಳ ಸಂಬಳ ಮುಂದಿನ ತಿಂಗಳು 7ನೇ ತಾರೀಖಿನೊಳಗೆ ಬರಬೇಕು. ಕೆಲಸ ಬಿಟ್ರೆ ಅಥವಾ ತೆಗೆದುಹಾಕಿದ್ರೆ ಎರಡು ಕೆಲಸದ ದಿನದೊಳಗೆ ಸಂಬಳ ಕೊಡಬೇಕು. ಹಿಂದೆ ಇದ್ದ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000ದವರೆಗೆ ಸಂಬಳ ಇದ್ದವರಿಗೆ ಮಾತ್ರ. ಈಗ ಆ ಮಿತಿ ಇಲ್ಲ. ದೂರು ಕೊಡೋಕೆ ಮೂರು ವರ್ಷ ಸಮಯ ಇದೆ. ಸಂಬಳ ಕೊಟ್ಟಿದ್ದೀನಿ ಅಂತ ಸಾಬೀತು ಮಾಡಬೇಕಾದ ಹೊಣೆ ಮಾಲೀಕರದ್ದು, ನಿನ್ನದಲ್ಲ. ಕಾರ್ಮಿಕ ಇಲಾಖೆ ಎಲ್ಲಿದೆ? ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ನಮ್ಮ ಜಯನಗರದಿಂದ ದೂರ ಇಲ್ಲ. ಲಾಯರ್‌ಗೆ ದುಡ್ಡಿಲ್ವಾ? ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರ್ಖಾನೆ ಕಾರ್ಮಿಕರಿಗೆ ಉಚಿತ ನೆರವು ಸಿಗುತ್ತೆ. ಸಹಾಯವಾಣಿ 15100. ಪ್ರಾರ್ಥನೆ ಮಾಡಿ ಹೋಗಿ, ಹೋಗಿ ಬಂದು ಪ್ರಾರ್ಥನೆ ಮಾಡಿ.

ನಮ್ಮ ತಮ್ಮನೂ ಹೀಗೇ ಹೋದ. ಮೊದಲು ಒಬ್ಬನೇ. ಆಮೇಲೆ ಸಂಬಳ ಬರದ ಇನ್ನಿಬ್ಬರು ಸಹೋದ್ಯೋಗಿಗಳ ಜೊತೆ. 50,000 ಬಂತು. ಉಳಿದ 34,000ಕ್ಕೆ ದೂರು ಕೊಟ್ಟಿದ್ದಾನೆ, ಇನ್ನೂ ತೀರ್ಮಾನ ಆಗಿಲ್ಲ. ನಾಳೆ ಬೆಳಗ್ಗೆ ಅದ್ಭುತ ನಡೆದು ಪೂರ್ತಿ ಬರುತ್ತೆ ಅಂತ ನಾನು ಹೇಳಲ್ಲ. ಬಂದ್ರೆ ದೇವರಿಗೆ ಸ್ತೋತ್ರ. ಬರೋ ತನಕ ಅವನು ಬಾಗಿಲು ತಟ್ಟೋದು ಬಿಡಲ್ಲ. ಈಗಾಗಲೇ ಒಂದು ಅದ್ಭುತ ನಾನು ನೋಡಿದ್ದೀನಿ. ಮಾಲೀಕರ ಹೆಸರು ಹಿಡಿದು ಅವರಿಗೋಸ್ಕರ ಪ್ರಾರ್ಥನೆ ಮಾಡ್ತಾನೆ, ಅದೇ ವಾರ ಫೈಲ್ ಹಿಡ್ಕೊಂಡು ಆಫೀಸಿಗೂ ಹೋಗ್ತಾನೆ. ಕಹಿ ಇಲ್ಲ, ಭಯನೂ ಇಲ್ಲ.

ಒಂದು ಕಷ್ಟದ ಮಾತು ಉಳೀತು. ಸಂಬಳ ಕೊಡದವರು ವಿಶ್ವಾಸಿಯೇ ಆಗಿದ್ರೆ? ಕ್ರೈಸ್ತ ಶಾಲೆ, ಕ್ರೈಸ್ತ ಸಂಸ್ಥೆ, ಸೇವೆ ಆಗಿದ್ರೆ? 1 ಕೊರಿಂಥ 6 ತೆಗೆದು, ಸಹೋದರರು ಕೋರ್ಟಿಗೆ ಹೋಗಬಾರದು, ಅನ್ಯಾಯ ಸಹಿಸಿಕೋ ಅಂತ ಬಾಯಿ ಮುಚ್ಚಿಸ್ತಾರೆ. ಆ ಅಧ್ಯಾಯ ಪೂರ್ತಿ ಓದಿ. ನಿಮ್ಮಲ್ಲಿ ತೀರ್ಮಾನ ಮಾಡೋ ಒಬ್ಬ ಜ್ಞಾನಿಯೂ ಇಲ್ಲವಾ ಅಂತ ಪೌಲ ಸಭೆಯನ್ನ ಕೇಳ್ತಾನೆ. ಅದೇ ಭಾಗದಲ್ಲಿ ಮುಂದೆ ಮೋಸ ಮಾಡೋ ಸಹೋದರನನ್ನೂ ಗದರಿಸ್ತಾನೆ. ನನ್ನ ಸಂಬಳ ಬಿಟ್ಟುಕೊಡ್ತೀನಿ ಅಂತ ದುಡಿದವನು ಕರ್ತನ ಮುಂದೆ ಮನಸಾರೆ ಹೇಳಬಹುದು. ಅದು ಕಾಣಿಕೆ. ಆದರೆ ಬಿಟ್ಟುಕೊಡು ಅಂತ ಸಾಲಗಾರನೇ ಬೋಧನೆ ಮಾಡಿದ್ರೆ ಅದು ಕಾಣಿಕೆ ಅಲ್ಲ, ಕಳ್ಳತನ. ಯೆರೆಮೀಯ 22ರಲ್ಲಿ ದೇವರು ಅರಸ ಯೆಹೋಯಾಕೀಮನನ್ನ ಗದರಿಸಿದ್ದು ಯಾಕೆ? ದೇವದಾರು ಮರದ ಅರಮನೆ ಕಟ್ಟಿಸಿ ಕೂಲಿ ಕೊಡದೆ ಇದ್ದದ್ದಕ್ಕೆ. ಅಂಥ ವಿಷಯ ಇದ್ರೆ ಸಭೆಯ ಹಿರಿಯರ ಹತ್ರ ಬನ್ನಿ. ಇಬ್ಬರನ್ನೂ ಕೂರಿಸಿ ಮಾತಾಡ್ತೀವಿ, ಕಾಗದದ ಮೇಲೆ ತಾರೀಖು ಬರೆಸ್ತೀವಿ. ಅದಕ್ಕೂ ಬಗ್ಗದಿದ್ರೆ ಕಾರ್ಮಿಕ ಭವನದ ದಾರಿ ತೋರಿಸೋಕೆ ನಾನೇ ಜೊತೆಗೆ ಬರ್ತೀನಿ.

ಅಲ್ಲಿ ತನಕ ಹೊಟ್ಟೆಗೇನು? ಯಾಕೋಬ 2:15-16. ಬಟ್ಟೆ ಇಲ್ಲದ, ಊಟ ಇಲ್ಲದ ಸಹೋದರನಿಗೆ ಏನೂ ಕೊಡದೆ 'ಹೋಗಿ ಬಾ, ಬೆಚ್ಚಗಿರು' ಅಂದ್ರೆ ಪ್ರಯೋಜನ ಏನು ಅಂತ ಕೇಳ್ತಾನೆ. ನಿಮ್ಮ ಸೆಲ್ ಗ್ರೂಪಲ್ಲಿ ಯಾರಿಗಾದ್ರೂ ಸಂಬಳ ನಿಂತಿದ್ರೆ, ಪ್ರಾರ್ಥನಾ ವಿಜ್ಞಾಪನೆ ಜೊತೆಗೆ ಒಂದು ಮೂಟೆ ಅಕ್ಕಿನೂ ಹೋಗಲಿ. ಪಿಜಿ ಬಾಡಿಗೆಗೆ ನಾಲ್ಕು ಜನ ಕೈ ಸೇರಿಸಿ. ಸಂಬಳ ಇಲ್ಲದ ತಿಂಗಳು ದಶಮಾಂಶ ಕೊಟ್ಟಿಲ್ಲ ಅಂತ ಯಾರೂ ತಲೆ ತಗ್ಗಿಸಿ ಒಳಗೆ ಬರಬೇಕಾಗಿಲ್ಲ.

ಇಷ್ಟು ಹೊತ್ತು ನೀವೆಲ್ಲ ನಿಮ್ಮ ಮಾಲೀಕರನ್ನ ನೆನೆಸಿಕೊಂಡು ಆಮೆನ್ ಅಂದ್ರಿ. ಈಗ ಸ್ವಲ್ಪ ಈ ಕಡೆ ತಿರುಗಿ. ನೀವೂ ಮಾಲೀಕರೇ. ಮನೆಯಲ್ಲಿ ಪಾತ್ರೆ ತೊಳೆಯೋ ಅಕ್ಕ ಇದ್ದಾರೆ. ನಾಲ್ಕು ಜನ ಹುಡುಗರ ರೂಮಿಗೆ ಅಡುಗೆ ಮಾಡಿಕೊಡೋ ಆಂಟಿ ಇದ್ದಾರೆ. ಬೆಳಗ್ಗೆ ಗಾಡಿ ತೊಳೆಯೋ ಹುಡುಗ, ಇಸ್ತ್ರಿ ಅಂಗಡಿಯ ತಾತ. ಯಾಜಕಕಾಂಡ 19:13 ಕೂಲಿಯವನ ಕೂಲಿ ನಿನ್ನ ಹತ್ರ ಬೆಳಗಿನವರೆಗೂ ಇರಬಾರದು ಅಂತದೆ. ಧರ್ಮೋಪದೇಶಕಾಂಡ 24:15 ಇನ್ನೂ ಬಿಗಿ. ಸೂರ್ಯ ಮುಳುಗೋದರೊಳಗೆ ಕೊಡು, ಅವನ ಪ್ರಾಣ ಅದರ ಮೇಲೇ ಇದೆ. ಮೋಶೆಯ ಕಾಲದಲ್ಲಿ ಚೀಲ ಬಿಚ್ಚಿ ಬೆಳ್ಳಿ ತೂಗಿ ಕೊಡಬೇಕಿತ್ತು. ನಮ್ಮ ಕೈಯಲ್ಲಿ ಫೋನ್‌ಪೇ ಇದೆ, ಆದ್ರೂ 'ಅಕ್ಕ, ಸೋಮವಾರ ಕೊಡ್ತೀನಿ' ಅಂತೀವಿ. ಶನಿವಾರ ನಾಲ್ಕನೇ ಬ್ಲಾಕಲ್ಲಿ ಶಾಪಿಂಗ್ ಆಗಿರುತ್ತೆ. ಅಕ್ಕ ಎರಡು ದಿನ ರಜ ಹಾಕಿದ್ರು ಅಂತ ಮಗುವಿಗೆ ಜ್ವರ ಬಂದ ದಿನದ್ದೂ ಹಿಡೀತೀವಿ. ಆ ದುಡ್ಡಿಗೂ ಬಾಯಿದೆ. ಸೈನ್ಯಗಳ ಒಡೆಯನಿಗೆ ನಿಮ್ಮ ಮಾಲೀಕರ ಅಕೌಂಟಿನ ಕೂಗು ಕೇಳಿಸೋದಾದ್ರೆ, ನಿಮ್ಮ ಅಕೌಂಟಿನದ್ದೂ ಕೇಳಿಸುತ್ತೆ.

ಮುಂದಿನ ಭಾನುವಾರ ಕರ್ತನ ಮೇಜು ಇದೆ. ರೊಟ್ಟಿ ಮುಟ್ಟೋದರೊಳಗೆ ಒಂದು ಕೆಲಸ ಮಾಡಿ. ನಿಮಗೆ ಬರಬೇಕಾದ್ದನ್ನ ಒಂದು ಹಾಳೆಯಲ್ಲಿ ಬರೀರಿ, ಕೇಳೋಕೆ ದೇವರು ಬಲ ಕೊಡಲಿ. ನೀವು ಕೊಡಬೇಕಾದ್ದನ್ನ ಅದರ ಹಿಂದೆ ಬರೀರಿ. ಅದಕ್ಕೆ ಬಲ ಬೇಡ, ಇವತ್ತು ಸೂರ್ಯ ಮುಳುಗೋ ತನಕ ಸಮಯ ಇದೆ.

ಎದ್ದು ನಿಲ್ಲೋಣ. ಸಂಬಳ ಬಾಕಿ ಇರೋರು ಮುಂದೆ ಬನ್ನಿ, ಹಿರಿಯರು ಕೈಯಿಟ್ಟು ಪ್ರಾರ್ಥಿಸ್ತಾರೆ. ನಾಚಿಕೆ ಪಡಬೇಡಿ, ನಾಚಿಕೆ ಪಡಬೇಕಾದವರು ನೀವಲ್ಲ.

ಪರಲೋಕದಲ್ಲಿರುವ ತಂದೆಯೇ, ಬಡಗಿಯ ಮನೆಯಲ್ಲಿ ಬೆಳೆದು, ಕೈಯಲ್ಲಿ ದುಡಿದ ನಿನ್ನ ಮಗನ ನಾಮದಲ್ಲಿ ಬರುತ್ತೇವೆ. ಬೆವರು ಸುರಿಸಿ ಬರಿಗೈಯಲ್ಲಿ ನಿಂತಿರುವ ನಿನ್ನ ಮಕ್ಕಳನ್ನು ನೋಡು. ಅವರ ಬಾಯಿಂದ ಭಯವನ್ನು, ಹೃದಯದಿಂದ ಕಹಿಯನ್ನು ತೆಗೆದುಹಾಕು. ಕೊಡಬೇಕಾದವರ ಮನಸ್ಸನ್ನು ಮುಟ್ಟು, ಕಡತ ಹಿಡಿದಿರುವ ಅಧಿಕಾರಿಗಳಿಗೆ ನ್ಯಾಯದ ಮನಸ್ಸು ಕೊಡು. ನಮ್ಮ ಕೈಯಲ್ಲಿ ಯಾರ ಕೂಲಿಯೂ ರಾತ್ರಿ ಉಳಿಯದಂತೆ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.